ಕಿಟಕಿಯ ಬಳಿ ಕೂತವಳು

ಬಾಗಿಲು ತೆರೆದದ್ದು ಅಜ್ಜಿ.

ವಿಮಲಾಳ ಬೆರಳು ಕಾಲಿಂಗ್ ಬೆಲ್ಲಿನ ಮೇಲೇ ಉಳಿದುಬಿಟ್ಟಿತು. ಎಡಗಡೆಯದು ತುಸು ಮೇಲಕ್ಕೆದ್ದ ಅದೇ ಹುಬ್ಬು, ತುಂಬಿದ ಅದೇ ಕೆಳತುಟಿ, ಗಲ್ಲದ ನಡುವೆ ಬೆರಳಿನಿಂದ ಒತ್ತಿಟ್ಟಂಥ ಅದೇ ಕುಳಿ. ಹುಟ್ಟಿದಾಗಿನಿಂದ ಜಯನಗರದ ಮನೆಯ ಹಾಲಿನಲ್ಲಿ, ಚೌಕಟ್ಟಿನೊಳಗೆ ನೋಡುತ್ತ ಬಂದ ಮುಖ ಈಗ ಸುಕ್ಕುಗಟ್ಟಿ, ಕೂದಲು ನೆರೆತು, ನೈಟಿಯ ಮೇಲೊಂದು ಟವೆಲ್ ಹೊದ್ದು, ಕೈಯಲ್ಲಿ ಅರ್ಧ ಸುಲಿದ ಅವರೆಕಾಯಿ ಹಿಡಿದು ಎದುರಿಗೆ ನಿಂತಿತ್ತು.

"ಯಾರ್ ಬೇಕಿತ್ತಮ್ಮ?"

"ಪೈಂಟರ್ ಮುನಿಯಣ್ಣನವರ ಮನೆ..."

"ಇದೇ. ಅವ್ರು ಹೋಗಿ ಎಷ್ಟೋ ವರ್ಷ ಆಯ್ತು. ನಾನು ಅವ್ರ ಮಗಳು, ಮುನಿರತ್ನಮ್ಮ. ಬೋರ್ಡ್ ಗೀರ್ಡ್ ಬರೆಸೋಕ್ ಬಂದಿದ್ರೆ ಈಗ ಎಲ್ಲಾ ಫ್ಲೆಕ್ಸು, ಮೇನ್ ರೋಡ್ಗೆ ಹೋಗಿ." ಹೆಂಗಸು ಮಾತು ನಿಲ್ಲಿಸಿ ಅವಳನ್ನು ನೋಡಿದರು. "ಯಾಕ್ ತಾಯಿ ಹಂಗ್ ನೋಡ್ತಿದೀಯ? ತಲೆ ಸುತ್ತುತಾ? ಬಾ ಒಳೀಕೆ, ಕೂತ್ಕೋ. ಮಟ್ಟ ಮಧ್ಯಾಹ್ನ ಬಂದಿದೀಯ ಬೇರೆ."

ವಿಮಲಾ ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ನೀರು ಬಂತು, ಕುಡಿದಳು. ಹೇಗೆ ಶುರು ಮಾಡುವುದೆಂದು ಮೆಟ್ರೋದಲ್ಲಿ ಬರುವಾಗಲೇ ಮೂರು ನಾಲ್ಕು ವಾಕ್ಯ ಜೋಡಿಸಿಟ್ಟುಕೊಂಡಿದ್ದಳು. ಅವುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ.

ಅವಳು ಬಂದದ್ದು ಒಂದು ಇಸವಿಯ ಬೆನ್ನು ಹತ್ತಿ. ಈ ಸಲದ ಮಳೆಗೆ ಹಾಲಿನ ಗೋಡೆ ಒಸರಿ, ಅಜ್ಜಿಯ ಪಟದ ಕೆಳಮೂಲೆಯಲ್ಲಿ ಬಣ್ಣ ಚಕ್ಕೆಯೆದ್ದಿತ್ತು. ತಿಥಿ ಹತ್ತಿರ ಬರುತ್ತಿದೆ, ಅಷ್ಟರೊಳಗೆ ಸರಿಮಾಡಿಸು ಎಂದು ಅಪ್ಪ ದಿನಾ ಹೇಳತೊಡಗಿದ ಮೇಲೆ ಒಂಬತ್ತನೇ ಬ್ಲಾಕಿನ ಫ್ರೇಮ್ ಅಂಗಡಿಗೆ ಕೊಟ್ಟಿದ್ದಳು. ಅಂಗಡಿಯವನು ಹಳೆಯ ಚೌಕಟ್ಟು ಬಿಚ್ಚಿದಾಗ, ಇಷ್ಟು ವರ್ಷ ಮರದ ಅಂಚಿನ ಕೆಳಗೆ ಮುಚ್ಚಿಹೋಗಿದ್ದ ಸಹಿ ಕಾಣಿಸಿತು. ಎಂ. ಮುನಿಯಣ್ಣ, ಕೋಣನಕುಂಟೆ, ೧೯೫೧.

ಅಜ್ಜಿ ಭಾಗೀರಥಮ್ಮ ತೀರಿಕೊಂಡದ್ದು ನಲವತ್ತೆಂಟನೇ ಇಸವಿಯಲ್ಲಿ. ಅಪ್ಪನಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಅವಳದು ಒಂದೇ ಒಂದು ಫೋಟೋ ಕೂಡ ಇಲ್ಲ. ಈ ಪಟ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡೇ ಬರೆದದ್ದೆಂದು ಮನೆಯಲ್ಲಿ ಎಲ್ಲರೂ ಹೇಳುತ್ತ ಬಂದಿದ್ದರು. ವಿಮಲಾ ಕೂಡ ಮದುವೆಯಾಗಿ ಹೋದ ಮನೆಯಲ್ಲಿ ಹಾಗೇ ಹೇಳಿದ್ದಳು, ಈಗ ಮಗಳು ಧೃತಿಗೂ ಹೇಳಿದ್ದಳು. ಸತ್ತ ಮೂರು ವರ್ಷಕ್ಕೆ ಎದುರಿಗೆ ಬಂದು ಕೂತವರು ಯಾರು? ಬೇರೆಯವರಾದರೆ ಇಸವಿ ತಪ್ಪಿರಬಹುದೆಂದು ಬಿಟ್ಟುಬಿಡುತ್ತಿದ್ದರೇನೋ. ವಿಮಲಾಳಿಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಬರುವ ಸ್ವಭಾವ. ಅಪ್ಪನಿಗೆ ಒಂದು ಮಾತೂ ಹೇಳದೆ ಹೊರಟು ಬಂದಿದ್ದಳು. ಕೋಣನಕುಂಟೆಯಲ್ಲಿ ಹೂವು ಮಾರುವವಳು "ಬೋರ್ಡ್ ಮುನಿಯಣ್ಣನ ಮನೇನಾ?" ಎಂದು, ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಆತುಕೊಂಡಿದ್ದ ಹಳೆಯ ಮನೆ ತೋರಿಸಿದ್ದಳು.

ಈಗ ಈ ಮುಖ. ಪಟದಲ್ಲಿರುವವಳು ಈಕೆಯ ತಾಯಿಯೇ ಇರಬೇಕು. ಅಂದರೆ ತಾತ? ತಾತನಿಗೂ ಈ ಮನೆಗೂ?

"ನಿಮ್ಮ ತಾಯಿಯವರು..." ಎಂದಳು, ಒಂದೊಂದು ಶಬ್ದವನ್ನೂ ತೂಗಿ, "ಬಸವನಗುಡಿ ಕಡೆ ಬರ್ತಾ ಇದ್ರಾ? ಆಗ ನಮ್ಮ ತಾತನವರ ಮನೆ ಅಲ್ಲಿತ್ತು, ಅವರ ಪರಿಚಯ ಏನಾದ್ರೂ..."

ಮುನಿರತ್ನಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಅಂದ್ರೆ? ನಿಮ್ ತಾತ ನಮ್ಮವ್ವನ್ನ ಇಟ್ಕೊಂಡಿದ್ರಾ ಅಂತ ಕೇಳ್ತಿದೀಯೇನು?"

"ಅಯ್ಯೋ, ಇಲ್ಲ, ಹಾಗಲ್ಲ..."

"ಹಂಗೇ ಕಣಮ್ಮ. ನೀರ್ ಕುಡ್ದು ಕೇಳೋ ಮಾತಾ ಇದು!" ಬೈದರೋ ನಕ್ಕರೋ ತಿಳಿಯಲಿಲ್ಲ. "ಯಾರ್ ನೀನು, ಮೊದ್ಲು ಅದ್ ಹೇಳು."

ವಿಮಲಾ ಹೇಳುವ ಬದಲು ಫೋನ್ ತೆಗೆದು, ಅಂಗಡಿಗೆ ಕೊಡುವ ಮುಂಚೆ ತೆಗೆದಿಟ್ಟುಕೊಂಡಿದ್ದ ಪಟದ ಚಿತ್ರವನ್ನು ಮುಂದೆ ಹಿಡಿದಳು. ಹಸಿರು ರೇಷ್ಮೆ ಸೀರೆ, ಕತ್ತಿನ ತುಂಬ ಒಡವೆ, ಕಿಟಕಿಯ ಬೆಳಕಿನಲ್ಲಿ ಕುರ್ಚಿಯ ಮೇಲೆ ಕೂತ ಇಪ್ಪತ್ತರ ಹೆಂಗಸು.

ಮುನಿರತ್ನಮ್ಮ ಕೈಯನ್ನು ಟವೆಲಿಗೆ ಒರೆಸಿಕೊಂಡು ಫೋನ್ ಇಸಿದುಕೊಂಡರು. ದೂರ ಹಿಡಿದರು, ಹತ್ತಿರ ತಂದರು. ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಕಪ್ಪಾಯಿತು.

"ಆರೋಯ್ತು," ಎಂದು ಫೋನನ್ನು ಗಾಬರಿಯಿಂದ ಮುಂದೆ ಚಾಚಿದರು. ವಿಮಲಾ ಹೆಬ್ಬೆರಳೊತ್ತಿ ಕೊಟ್ಟಳು. ಮತ್ತೆ ಆರಿತು. ಮತ್ತೆ ಕೊಟ್ಟಳು. ಆಮೇಲೆ ಅವರ ಪಕ್ಕದಲ್ಲೇ ಮಣೆ ಎಳೆದುಕೊಂಡು ಕೂತು, ಸ್ಕ್ರೀನ್ ಆರದಂತೆ ಅಂಚಿನಲ್ಲಿ ಬೆರಳಾಡಿಸುತ್ತಲೇ ಇದ್ದಳು.

"ನಮ್ಮವ್ವ ಹಿಂಗಿದ್ಲಾ," ಎಂದರು ಮುನಿರತ್ನಮ್ಮ. "ಪಿಳ್ಳಮ್ಮ ಅಂತ. ನಾನ್ ನೋಡೇ ಇಲ್ಲ. ನಂಗ್ ವರ್ಷ ತುಂಬೋಕ್ ಮುಂಚೆ ಹೋಗ್ಬಿಟ್ಲು. ನೀನೇ ಅವಳು, ಕನ್ನಡಿ ನೋಡ್ಕೋ ಅನ್ನೋಳು ನಮ್ ಸೋದರತ್ತೆ. ಎಪ್ಪತ್ತು ದಾಟಿದ್ ಮೇಲೆ ಕನ್ನಡೀಲಿ ಎಲ್ಲಮ್ಮ ಕಾಣ್ತಾಳೆ ಅವ್ವ?"

ಒಳಗೆ ಕುಕ್ಕರ್ ಕೂಗಿತು. ಅವರು ಏಳಲಿಲ್ಲ. ಕೂತಲ್ಲಿಂದಲೇ ಕಥೆ ಹೇಳಿದರು. ಅಪ್ಪನಿಂದ, ಅತ್ತೆಯಿಂದ ಎಷ್ಟೋ ಸಲ ಕೇಳಿದ್ದೆಂದು ಹೇಳುವ ಧಾಟಿಯಲ್ಲೇ ತಿಳಿಯುತ್ತಿತ್ತು.

ಮುನಿಯಣ್ಣ ಬರೆಯುತ್ತಿದ್ದದ್ದು ಹೆಚ್ಚಾಗಿ ಸತ್ತವರ ಪಟಗಳನ್ನೇ. ಫೋಟೋ ಇದ್ದರೆ ಫೋಟೋ ನೋಡಿ ಬರೆಯುವುದು. ಇಲ್ಲದಿದ್ದರೆ ಸತ್ತವರ ಅಕ್ಕತಂಗಿ, ಅಣ್ಣತಮ್ಮಂದಿರನ್ನು ಕರೆತಂದು ಕೂರಿಸುತ್ತಿದ್ದರು. ಮೂಗು ಇವಳದು, ಹಣೆ ಇವನದು, ಕಿವಿ ಆ ದೊಡ್ಡಮ್ಮನದು ಎಂದು ಮನೆಯವರು ಹೇಳುವುದು, ಮುನಿಯಣ್ಣ ಒಬ್ಬೊಬ್ಬರಿಂದ ಒಂದೊಂದು ತೆಗೆದುಕೊಂಡು ಒಂದು ಮುಖ ಮಾಡುವುದು. ಹೀಗೆ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ, ಅವನು ಕಣ್ಣಿಂದ ನೋಡದವರು ಗೋಡೆಯ ಮೇಲಿದ್ದರು.

"ನಿಮ್ಮಜ್ಜಿ ತೌರಲ್ಲಿ ಯಾರೂ ಉಳಿದಿರ್ಲಿಲ್ವಂತೆ. ಇದ್ದದ್ದು ಸೀರೆ, ಒಡವೆ ಅಷ್ಟೇ. ಅದನ್ನಾದ್ರೂ ಯಾರಾದ್ರೂ ಉಟ್ಕೊಂಡ್ ಕೂರ್ಬೇಕಲ್ಲ? ನಿಮ್ ಮನೆ ಹೆಣ್ಮಕ್ಳು ಒಬ್ರೂ ಒಪ್ಲಿಲ್ಲ. ಸತ್ತೋಳ್ ಸೀರೆ ಉಟ್ಟು ಪಟಕ್ಕೆ ಕೂತ್ರೆ ಅವಳ ಹಿಂದೇನೇ ಹೋಗ್ತೀವಿ ಅಂತ ಭಯ. ಅದಕ್ಕೆ ನಮ್ಮಪ್ಪ ನಮ್ಮವ್ವನ್ನೇ ಕರ್ಕೊಂಡ್ ಹೋದ. ಒಡವೆ ಮನೆ ದಾಟ್ಬಾರ್ದು ಅಂತ ನಿಮ್ ಮನೇಲೇ ಕೂತಿದ್ದು. ನನ್ನನ್ನ ಅತ್ತೆ ಮಡ್ಲಲ್ಲಿ ಹಾಕಿ ಹೋಗೋಳಂತೆ. ನಾನು ಹಾಲಿಗೆ ಅತ್ತೂ ಅತ್ತೂ ಊರು ಎಬ್ಬಿಸ್ತಿದ್ನಂತೆ."

"ಅವರಿಗೆ ಭಯ ಇರಲಿಲ್ವಾ?"

"ಗಂಡ ಕರೆದ, ಹೋದ್ಲು." ಮುನಿರತ್ನಮ್ಮ ಮತ್ತೆ ಸ್ಕ್ರೀನ್ ನೋಡಿದರು. "ಮೈ ಮಾತ್ರ ಅವಳ್ದು, ಮುಖ ಆಮೇಲೆ ನಿಮ್ ತಾತ ಹೇಳ್ದಂಗೆ ತಿದ್ದೋದು ಅಂತ ಮಾತಾಗಿತ್ತು. ಇನ್ನೇನ್ ತಿದ್ಬೇಕು, ನಿಮ್ ತಾತ ಒಳಗ್ ಬಂದ್ರಂತೆ. ಪಟ ನೋಡಿ ನಿಂತ್ಬಿಟ್ರಂತೆ. 'ಹೀಗೇ ಇದ್ದಳು ಮುನಿಯಣ್ಣ, ಇನ್ನು ಕೈ ಹಚ್ಚಬೇಡ' ಅಂದು ಅತ್ತೇ ಬಿಟ್ರಂತೆ. ನಮ್ಮವ್ವ ಅಲ್ಲೇ ಎದುರಿಗೇ ಕೂತಿದಾಳೆ. ಅವಳ ಕಡೆ ತಿರುಗೂ ನೋಡ್ಲಿಲ್ವಂತೆ."

ವಿಮಲಾಳಿಗೆ ತಾತನ ಮುಖ ನೆನಪಿಗೆ ಬಂತು. ಎರಡನೇ ಹೆಂಡತಿ ಇದ್ದೂ, ಸಾಯುವತನಕ ದಿನಾ ಪಟದೆದುರು ಎರಡು ನಿಮಿಷ ನಿಲ್ಲುತ್ತಿದ್ದ ಮನುಷ್ಯ. ಮೂರೇ ವರ್ಷದಲ್ಲಿ ಅವರಿಗೆ ಅವಳ ಮುಖ ಮರೆತುಹೋಗಿತ್ತೆ? ಅಥವಾ ಗೊತ್ತಿದ್ದೂ ಸಾಕೆನಿಸಿತ್ತೆ?

"ನಿಮ್ಮ ತಂದೆ ಹೇಳ್ಬಹುದಿತ್ತಲ್ಲ," ಎಂದಳು.

"ಹೆಂಗ್ ಹೇಳ್ತಾನೆ? ಅಳ್ತಿರೋ ಗಂಡಸಿಗೆ ಇದು ನಿನ್ ಹೆಂಡ್ತಿ ಅಲ್ಲ, ನನ್ ಹೆಂಡ್ತಿ ಅಂತ ಹೇಳ್ತಾನಾ? ಸುಮ್ನೆ ಬಂದ. ಆಮೇಲೊಂದ್ ದಿನ ನಿಮ್ ಮನೆ ಮುಂದೆ ಹೋಗ್ತಾ ಒಳಗ್ ಇಣುಕಿದ್ನಂತೆ. ತಿಥಿ ನಡೀತಿತ್ತು. ಪಟಕ್ಕೆ ಹಾರ ಹಾಕಿದ್ರು. ಮನೇಲಿ ನಮ್ಮವ್ವ ಬದುಕಿದಾಳೆ, ಇಲ್ಲಿ ಅವಳ ಪಟಕ್ಕೆ ಸತ್ತೋರ್ ಹಾರ. ಆ ಮಳೇಗೇ ಜ್ವರ ಬಂದು ಹೋದ್ಲು." ಅವರು ಮೊರದಲ್ಲಿನ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದರು. "ಆಗಿನ್ ಕಾಲ್ದಲ್ಲಿ ಜ್ವರಕ್ ಜನ ಸಾಯ್ತಿರ್ಲಿಲ್ವಾ? ಸಾಯ್ತಿದ್ರು. ಆದ್ರೆ ನಮ್ಮಪ್ಪನ ತಲೇಲಿ ಕೂತ್ಬಿಡ್ತು. ಮತ್ ಮುಖ ಬರೀಲಿಲ್ಲ. ದೇವ್ರ ಮುಖಾನೂ ಬರೀಲಿಲ್ಲ. ಅಂಗಡಿ ಬೋರ್ಡು, ಲಾರಿ ನಂಬ್ರು, ಸ್ಕೂಲ್ ಗೋಡೆ. ಅಕ್ಷರಕ್ಕೆ ಯಾರೂ ಹಾರ ಹಾಕಲ್ಲ ಅಂತಿದ್ದ. ಒಂದ್ಸಲ ನಾನು ಚಿಕ್ಕೋಳಿದ್ದಾಗ, ಅವ್ವನ್ನ ಒಂದ್ ಕಿತ ಬರೆದುಕೊಡಪ್ಪಾ ಅಂತ ಹಟ ಮಾಡ್ದೆ. ಬೆನ್ ಮೇಲ್ ಬಾರಿಸ್ದ. ಹೊಡ್ದಿದ್ದು ಅದೊಂದೇ ದಿನ."

ಆಮೇಲೆ ಇದ್ದಕ್ಕಿದ್ದಂತೆ ನಕ್ಕರು. "ಅಲ್ಲಾ, ಎಷ್ಟು ವರ್ಷದಿಂದ ನಮ್ಮವ್ವಂಗೆ ಮಡೀಲಿ ಅಡುಗೆ ಮಾಡಿ ಎಡೆ ಹಾಕ್ತಿದೀರಲ್ಲ ನೀವು! ಬದುಕಿದ್ದಾಗ ನಿಮ್ ಅಡುಗೆಮನೆ ಹೊಸ್ಲು ದಾಟಿಸ್ತಿದ್ರೇನಮ್ಮ?"

ವಿಮಲಾ ನೆಲಕ್ಕೆ ಬಿದ್ದಿದ್ದ ಒಂದು ಅವರೆಕಾಳನ್ನು ಎತ್ತಿ ಮೊರಕ್ಕೆ ಹಾಕಿದಳು.

ಹೊರಡುವಾಗ ಮುನಿರತ್ನಮ್ಮ ಅವಳ ಫೋನ್ ನಂಬರ್ ಬರೆಸಿಕೊಂಡು ಗೇಟಿನವರೆಗೆ ಬಂದರು. "ಪಟ ನೋಡ್ಬೇಕು ನಾನು. ಫೋನಲ್ಲಲ್ಲ."

"ಖಂಡಿತ. ನಮ್ಮಪ್ಪನಿಗೆ ಮಾತ್ರ... ಅವರಿಗೆ ಅವರ ತಾಯಿ ಅಂತ ಇರೋದು ಅದೊಂದೇ."

"ನಂಗೆ ಎರಡಿದಾವಾ?"

ಮೆಟ್ರೋ ಜನರಿಂದ ತುಂಬಿತ್ತು. ವಿಮಲಾ ಬಾಗಿಲಿನ ಬಳಿ ನಿಂತಿದ್ದಳು. ಗಾಜಿನಲ್ಲಿ ಅವಳ ಮುಖ ಕೆಳಗಿನ ಮನೆಗಳ ಟೆರೇಸುಗಳ ಮೇಲೆ ಹಾಯುತ್ತಿತ್ತು. ಅವಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಸೋದರತ್ತೆ ಪಟದತ್ತ ಕೈ ತೋರಿಸಿ, "ಅಜ್ಜಿಯ ಕಣ್ಣೇ ಇವಳಿಗೆ ಬಂದಿದೆ ನೋಡಿ" ಎಂದಿದ್ದರು. ಬಂದವರೂ ಹೌದು ಹೌದು ಎಂದಿದ್ದರು. ಅವಳು ಗಾಜಿನಿಂದ ಕಣ್ಣು ತೆಗೆದು ಚಪ್ಪಲಿ ನೋಡುತ್ತ ನಿಂತಳು.

ಮನೆಗೆ ಬಂದಾಗ ಅಪ್ಪ ಹಾಲಿನಲ್ಲಿ ಖಾಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಪಟವಿದ್ದ ಜಾಗದಲ್ಲಿ ಒಂದು ಮೊಳೆ, ಅದರ ಕೆಳಗೆ ತೇವದ ಕಲೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ಎಷ್ಟೋ ಜನರನ್ನು ಗದರಿಸಿ ಕೆಲಸ ಮಾಡಿಸಿದ್ದ ಗುಂಡಣ್ಣನವರು ಈಚೆಗೆ ಸಣ್ಣ ಮಾತಿಗೂ ಕಣ್ಣು ತುಂಬಿಕೊಳ್ಳುತ್ತಿದ್ದರು. ಪಟ ಅಂಗಡಿಗೆ ಹೋದ ಮೇಲೂ ಬೆಳಗ್ಗೆ ಸ್ನಾನವಾದ ಕೂಡಲೇ ಬಂದು ಆ ಮೊಳೆಗೇ ಕೈಮುಗಿಯುತ್ತಿದ್ದರು.

"ಯಾವಾಗ ಕೊಡ್ತಾನಂತೆ?"

"ಸೋಮವಾರ ಅಪ್ಪಾ."

"ಮುಖಕ್ಕೆ ಕೈ ಹಚ್ಚಬೇಡ ಅಂತ ಹೇಳಿದೀಯ ತಾನೆ? ಇವರೆಲ್ಲ ಹೊಸ ಬಣ್ಣ ಬಳಿದು ಯಾರನ್ನೋ ಮಾಡಿಡ್ತಾರೆ."

"ಹೇಳಿದೀನಿ," ಎಂದು ವಿಮಲಾ ಅಡುಗೆಮನೆಗೆ ಹೋದಳು. ಹಾಲು ಉಕ್ಕಿಹೋಯಿತು.

ಧೃತಿಗೆ ಎಲ್ಲವನ್ನೂ ಹೇಳಿದಳು. ಧೃತಿ ಕೂದಲು ಒಣಗಿಸಿಕೊಳ್ಳುತ್ತಿದ್ದವಳು ಟವೆಲ್ ಕೆಳಗಿಟ್ಟು, "ವಾವ್, ಅಮ್ಮಾ!" ಎಂದಳು. ಮರುಕ್ಷಣವೇ ಮುಖ ಬದಲಾಯಿತು. "ತಾತಂಗೆ ಹೇಳಲ್ವಾ?"

"ಹೇಗೆ ಹೇಳ್ಲಿ?"

"ಅದು ಅವರ ಹಕ್ಕಮ್ಮ, ತಿಳ್ಕೊಳೋದು. ಆ ಆಂಟಿಗೂ ಹಕ್ಕಿದೆ. ನೀನು ಸುಮ್ನೆ ನಡುವೆ ನಿಂತು ಒಬ್ಬಳೇ ಟೆನ್ಷನ್ ಮಾಡ್ಕೋತೀಯ."

"ನೀನಾದ್ರೆ ಹೇಳ್ತಿದ್ಯಾ? ಬೆಳಗ್ಗೆ ಅವರು ಕೈ ಮುಗಿದು ನಿಂತಿರೋವಾಗ ಹೋಗಿ, ತಾತಾ ಅದು ನಿಮ್ಮಮ್ಮ ಅಲ್ಲ ಅಂತ?"

ಧೃತಿ ಟವೆಲ್ ಎತ್ತಿಕೊಂಡು ಮತ್ತೆ ಕೂದಲು ಒರೆಸತೊಡಗಿದಳು.

ಸೋಮವಾರ ಪಟ ಬಂತು. ಮೂಲೆಯ ಚಕ್ಕೆಗಳನ್ನು ಅಂಗಡಿಯವನು ಚೆನ್ನಾಗಿಯೇ ಕೂರಿಸಿದ್ದ. ಹೊಸ ಚೌಕಟ್ಟಿನ ಅಂಚಿನ ಕೆಳಗೆ ಸಹಿ ಮತ್ತೆ ಮುಚ್ಚಿಹೋಗಿತ್ತು. ಅಪ್ಪ ಕುರ್ಚಿ ಎಳೆದು ಹತ್ತಿರ ಹೋಗಿ ನೋಡಿ, ಪಂಚೆಯ ಅಂಚಿನಿಂದ ಗಾಜು ಒರೆಸಿ ನಿಟ್ಟುಸಿರು ಬಿಟ್ಟರು. ವಿಮಲಾ ಕೂಡ ನೋಡಿದಳು. ಐವತ್ತು ವರ್ಷ ನೋಡಿದ ಕಣ್ಣಿಗೆ ಈಗ ಹೊಸದೇನೋ ಕಂಡಿತು. ಆ ಮುಖದಲ್ಲಿ ಇದ್ದದ್ದು ತಾವೆಲ್ಲ ಹೇಳುತ್ತಿದ್ದ ಶಾಂತಿಯಲ್ಲ. ಮನೆಗೆ ಬೇಗ ಹೋಗಬೇಕು ಎನ್ನುವ ಹೆಂಗಸಿನ ಮುಖ ಅದು.

ಮುನಿರತ್ನಮ್ಮನ ಫೋನ್ ಎರಡು ಸಲ ಬಂತು. ಮೊದಲನೆಯದನ್ನು ವಿಮಲಾ ಎತ್ತಲಿಲ್ಲ. ಎರಡನೆಯದಕ್ಕೆ, "ತಿಥಿ ಆಗ್ಲಿ, ಆಮೇಲೆ ನಾನೇ ಕರೀತೀನಿ" ಎಂದಳು. "ದಯವಿಟ್ಟು ನಮ್ಮಪ್ಪನ ಹತ್ರ ಮಾತ್ರ ಏನೂ..."

"ನಾನು ಬರೋದು ನಮ್ಮವ್ವನ್ನ ನೋಡೋಕೆ. ನಿಮ್ಮಪ್ಪನತ್ರ ಪಂಚಾಯ್ತಿ ಮಾಡೋಕಲ್ಲ. ಆದ್ರೆ ನೋಡಮ್ಮ, ನಾನ್ ಬಾಯಿ ಕಟ್ಕೊಂಡು ಬೆಳೆದೋಳಲ್ಲ. ಅಲ್ಲಿ ನಿಂತಾಗ ಬಾಯಿಗೆ ಏನ್ ಬರುತ್ತೋ ನಂಗೊತ್ತಿಲ್ಲ. ಮುಂಚೇನೇ ಹೇಳಿದೀನಿ. ಇನ್ನೊಂದ್ ಮಾತು. ನಿಮ್ಮಪ್ಪನ ಕಾಲ ಆದ್ಮೇಲಾದ್ರೂ ಆ ಪಟ ನಂಗ್ ಕೊಡ್ತೀರಾ?"

ವಿಮಲಾ ಫೋನನ್ನು ಕಿವಿಯಿಂದ ದೂರ ಹಿಡಿದಳು, ಆ ಮಾತು ಅಪ್ಪನಿಗೆ ಕೇಳಿಸೀತೆಂಬಂತೆ. ಅಪ್ಪ ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು.

ತಿಥಿ ಮುಗಿದ ಮೂರನೆಯ ದಿನ, ಬರಲು ಹೇಳಿದ ಹೊತ್ತಿಗಿಂತ ಮುಂಚೆಯೇ ಮುನಿರತ್ನಮ್ಮ ಬಂದರು. ಕಂದು ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು, ತಲೆಗೆ ಹೂ ಮುಡಿದಿದ್ದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿರುವ ಹೊತ್ತೆಂದೇ ವಿಮಲಾ ಗೊತ್ತುಮಾಡಿದ್ದಳು. ಆದರೆ ಅಪ್ಪ ಊಟ ಮುಗಿಸಿ ಪೇಪರ್ ಹಿಡಿದು ಪಟದ ಕೆಳಗೇ ಕೂತಿದ್ದರು.

ಚಪ್ಪಲಿ ಬಿಟ್ಟು ಒಳಗೆ ಬಂದ ಮುನಿರತ್ನಮ್ಮ ಪಟದೆದುರು ನಿಂತುಬಿಟ್ಟರು. ತುಳಸಿಯ ಹಾರ ಇನ್ನೂ ಬಾಡಿರಲಿಲ್ಲ. ಪಟದಲ್ಲೊಂದು, ಕೆಳಗೊಂದು, ಎರಡು ಮುಖ. ಒಂದೇ ಹುಬ್ಬು, ಒಂದೇ ಗಲ್ಲ. ಅಪ್ಪ ಕನ್ನಡಕದ ಮೇಲಿಂದ ಬಂದವರನ್ನು ನೋಡಿದರು. ಒಂದು ಕ್ಷಣ, ಎರಡು ಕ್ಷಣ.

"ಯಾರಮ್ಮ ಇವರು?"

"ಅಪ್ಪಾ, ಇವರು... ಅಜ್ಜಿ ಪಟ ಬರೆದೋರಿದ್ರಲ್ಲ, ಮುನಿಯಣ್ಣ ಅಂತ. ಅವರ ಮಗಳು."

"ಓಹೋ!" ಅಪ್ಪನ ಮುಖ ಅರಳಿತು. ಏನನ್ನೂ ಗುರುತಿಸಿದಂತೆ ಕಾಣಲಿಲ್ಲ. "ಬನ್ನಿ ತಾಯಿ, ಕೂತ್ಕೊಳಿ. ವಿಮಲಾ, ಕಾಫಿ ಮಾಡು. ನಿಮ್ಮ ತಂದೆ ನಮಗೆ ಎಂಥ ಉಪಕಾರ ಮಾಡಿ ಹೋಗಿದಾರೆ ಗೊತ್ತೇ ನಿಮಗೆ? ಅಮ್ಮನ್ನ ಉಳಿಸಿಕೊಟ್ಟು ಹೋದ್ರು."

ಮುನಿರತ್ನಮ್ಮ ಕೂತರು. ಬಾಯಿ ಬಿಗಿದಿತ್ತು. ಕಾಫಿ ಬೆರೆಸುತ್ತಿದ್ದ ವಿಮಲಾ ಕಿವಿಯನ್ನೆಲ್ಲ ಹೊರಗಿನ ಮಾತಿನ ಕಡೆಗೇ ಇಟ್ಟಿದ್ದಳು. ಸಕ್ಕರೆ ಹಾಕಿದ್ದಳೋ ಇಲ್ಲವೋ ತಿಳಿಯದೆ ಇನ್ನೊಂದು ಚಮಚ ಹಾಕಿದಳು.

"ಸ್ವಾಮಿ," ಮುನಿರತ್ನಮ್ಮನ ದನಿ ಕೇಳಿಸಿತು, "ನಾನೊಂದ್ ಮಾತು..."

"ನನಗೆ ನಿಮ್ಮ ತಂದೇನೂ ನೆನಪಿದ್ದಾರೆ," ಅಪ್ಪ ಅದನ್ನು ಕೇಳಿಸಿಕೊಳ್ಳದೆ ಮುಂದುವರಿದಿದ್ದರು. "ಬಣ್ಣದ ವಾಸನೆ. ನಾನು ಹತ್ರ ಹೋದ್ರೆ 'ಚಿಕ್ಕಯ್ನೋರೇ, ಅತ್ಲಾಗ್ ಹೋಗಿ' ಅನ್ನೋರು. ಅಮ್ಮ ಕಿಟಕಿ ಹತ್ರ ಕುರ್ಚಿ ಮೇಲೆ ಕೂತಿರೋಳು."

ವಿಮಲಾ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಮ್ಮನ ನೆನಪಿದೆಯಾ ಎಂದು ಚಿಕ್ಕವಳಿದ್ದಾಗ ಎಷ್ಟು ಸಲ ಕೇಳಿದ್ದಳು. ಅಪ್ಪ ಸುಮ್ಮನೆ ಪಟ ತೋರಿಸುತ್ತಿದ್ದರು. ಇಂಥದೊಂದು ನೆನಪನ್ನು ಇಷ್ಟು ವರ್ಷ ಯಾರ ಕೈಗೂ ಕೊಡದೆ ಇಟ್ಟುಕೊಂಡಿದ್ದರು. ಎರಡು ವರ್ಷವೂ ತುಂಬದ ಮಗುವಿಗೆ ಕಿಟಕಿ, ಕುರ್ಚಿ, ಬಣ್ಣದ ವಾಸನೆ ನೆನಪಿರುತ್ತದೆಯೆ? ಐದು ವರ್ಷದ ಹುಡುಗನಿಗಾದರೆ ಇರುತ್ತದೆ.

ಮುನಿರತ್ನಮ್ಮ ತಲೆಯೆತ್ತಿ ಅವಳನ್ನು ನೋಡಿದರು. ಅವರಿಗೂ ತಿಳಿದಿತ್ತು. ವಿಮಲಾ ಟ್ರೇಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ನೀವು... ನೀವು ನೋಡಿದೀರಾ?" ಮುನಿರತ್ನಮ್ಮ ಅಪ್ಪನ ಕಡೆ ತಿರುಗಿ ಕೇಳಿದರು.

"ನೋಡದೆ? ನಾನು ಹಿಂದಿನಿಂದ ಹೋಗಿ ಸೆರಗು ಎಳೀತಿದ್ದೆ. ಅಮ್ಮ ತಿರುಗ್ತಿರ್ಲಿಲ್ಲ. ತಲೆ ಒಂದಿಷ್ಟೂ ಅಲ್ಲಾಡಿಸ್ತಿರ್ಲಿಲ್ಲ. ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ. ಆದ್ರೆ ಕೈ ಮಾತ್ರ ಮೆಲ್ಲಗೆ ಹಿಂದಕ್ಕೆ ಬರ್ತಿತ್ತು. ಮುಷ್ಟಿ ಬಿಚ್ಚಿದ್ರೆ ಒಂದಿಷ್ಟು ಹುರಿಗಡಲೆ, ಒಂದು ಚೂರು ಬೆಲ್ಲ. ಸೀರೆ ಸೆರಗಲ್ಲಿ ಕಟ್ಕೊಂಡು ಬಂದಿರ್ತಿದ್ಲು ಅಂತ ಕಾಣುತ್ತೆ."

"ಮಾತು? ಮಾತಾಡ್ತಿರ್ಲಿಲ್ವಾ?"

"ಮಾತಿಲ್ಲ. ಬಾಯಿ ಮುಚ್ಕೊಂಡೇ ಏನೋ ಗುನುಗೋಳು. ಜೋಗುಳದ ಥರ." ಅಪ್ಪ ಗುನುಗಲು ನೋಡಿದರು, ರಾಗ ಕೈಕೊಟ್ಟಿತು. ನಾಚಿಕೊಂಡು ನಕ್ಕರು. "ಮೈತುಂಬ ಒಡವೆ, ಕೈ ತುಂಬ ಬಳೆ. ಅಂಗೈ ಮಾತ್ರ ಒರಟು. ಯಾಕೋ, ಅದೊಂದು ಮರೆತೇ ಇಲ್ಲ ನಾನು."

"ಒರಟಾ?"

"ಒರಟು. ಬೆಚ್ಚಗೆ."

ಮುನಿರತ್ನಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡರು. ಈಗ ಹೇಳುತ್ತಾರೆ ಎಂದುಕೊಂಡಳು ವಿಮಲಾ. ಹೇಳಲಿ ಎಂದೂ ಒಂದು ಗಳಿಗೆ ಅನಿಸಿತು. ರಸ್ತೆಯಲ್ಲಿ ಯಾರೋ ಸ್ಕೂಟರ್ ಕಿಕ್ ಹೊಡೆಯುತ್ತಲೇ ಇದ್ದರು, ಅದು ಹತ್ತುತ್ತಿರಲಿಲ್ಲ.

ಮುನಿರತ್ನಮ್ಮ ಎದ್ದರು. ಬಾಗಿಲ ಕಡೆಗೆ ಹೋಗಲಿಲ್ಲ, ತಮ್ಮ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ಅಪ್ಪನ ಕುರ್ಚಿಯ ಹಿಂದೆ, ಸ್ವಲ್ಪ ಓರೆಯಾಗಿ ಇಟ್ಟುಕೊಂಡು ಕೂತರು.

"ಹೆಂಗೆ ಕೈ ಚಾಚೋರು ನಿಮ್ಮಮ್ಮ?" ಎಂದು ಕೇಳಿದರು. "ಒಂದ್ಸಲ ತೋರ್ಸಿ ಸ್ವಾಮಿ."

ಅಪ್ಪ ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ಬೆನ್ನು ನೆಟ್ಟಗೆ ಮಾಡಿ, ಗಲ್ಲವನ್ನು ತುಸು ಎತ್ತಿ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತರು. ರೆಪ್ಪೆ ಕೂಡ ಅಲ್ಲಾಡಲಿಲ್ಲ. ಬಲಗೈ ಮಾತ್ರ ಮೆಲ್ಲಗೆ ಹಿಂದಕ್ಕೆ ಬಂದು, ಬೆರಳು ಒಂದೊಂದಾಗಿ ಬಿಚ್ಚಿಕೊಂಡಿತು.